ಹೋದ ಸೆಮಿಸ್ಟರ್‌ನ ನೋಟ್‌ಬುಕ್

ಪದವಿ ಗಣಿತದ ಪೇಪರುಗಳು ಬೇರೆ ಬೇರೆ ಅಲ್ಲ. ಒಂದು ಸಣ್ಣ ಉಕ್ತಿಯ ಬೆನ್ನು ಹಿಡಿದು ಹೊರಟರೆ ಮೂರು ವರ್ಷದ ಓದು ಒಂದೇ ದಾರಿಯಾಗಿ ಕಾಣುತ್ತದೆ.

ಪ್ರತಿ ಸೆಮಿಸ್ಟರ್‌ನ ಮೊದಲ ವಾರ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: ‘ಮೇಡಂ, ಹೋದ ಸೆಮ್‌ದು ಈ ಸೆಮ್‌ಗೆ ಬೇಕಾಗುತ್ತಾ?’ ಕೇಳುವ ದನಿಯಲ್ಲೇ ‘ಬೇಡ’ ಎನ್ನಿಸಿಕೊಳ್ಳುವ ಆಸೆ ಇರುತ್ತದೆ. ಪರೀಕ್ಷೆ ಮುಗಿದಿದೆ, ಫಲಿತಾಂಶ ಬಂದಿದೆ, ಹಳೆಯ ನೋಟ್‌ಬುಕ್ ಆಗಲೇ ಜೂನಿಯರ್ ಒಬ್ಬರ ಕೈ ಸೇರಿದೆ. ಪೇಪರಿಗೊಂದು ನೋಟ್‌ಬುಕ್, ನೋಟ್‌ಬುಕ್ಕಿಗೊಂದು ಬಣ್ಣದ ರಟ್ಟು. ಕ್ಯಾಲ್ಕುಲಸ್‌ಗೆ ಒಂದು, ಗ್ರೂಪ್ ಥಿಯರಿಗೆ ಇನ್ನೊಂದು, ಡಿಫರೆನ್ಷಿಯಲ್ ಈಕ್ವೇಶನ್‌ಗೆ ಮತ್ತೊಂದು. ಪದವಿ ಮುಗಿಯುವ ಹೊತ್ತಿಗೆ ಒಂದು ರಾಶಿ ನೋಟ್‌ಬುಕ್ ಆಗಿರುತ್ತದೆ; ಅದರಲ್ಲಿ ಒಂದು ಇನ್ನೊಂದರ ಮುಖ ನೋಡಿರುವುದಿಲ್ಲ.

ಬಿಎಸ್‌ಸಿ ಗಣಿತ ಕಷ್ಟ ಎಂದು ಯಾರಾದರೂ ಹೇಳಿದಾಗ ನನಗೆ ಆ ರಾಶಿಯೇ ಕಣ್ಣಮುಂದೆ ಬರುತ್ತದೆ. ವಿಷಯ ಸುಲಭದ್ದೇನಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಕಂಡ ಮಟ್ಟಿಗೆ ಮಕ್ಕಳು ಹೆಚ್ಚಾಗಿ ಎಡವುವುದು ಒಂದು ಪೇಪರಿನಿಂದ ಇನ್ನೊಂದಕ್ಕೆ ಕಾಲಿಡುವ ಹೊಸ್ತಿಲಿನಲ್ಲಿ. ಅಲ್ಲೊಂದು ಹೊಸ್ತಿಲಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಅದನ್ನು ತೋರಿಸಲೆಂದೇ ತರಗತಿಯಲ್ಲಿ ನಾನೊಂದು ಉಕ್ತಿಯನ್ನು ಮತ್ತೆ ಮತ್ತೆ ಬೋರ್ಡಿನ ಮೇಲೆ ಬರೆಯುತ್ತೇನೆ: ಎಕ್ಸ್² + 1. ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಒಂದು ಕೂಡಿಸಿದರೆ ಸಿಗುವುದು. ಇಷ್ಟೇ. ಪಿಯುಸಿಯಿಂದ ಕೊನೆಯ ಸೆಮಿಸ್ಟರ್‌ವರೆಗೆ ಯಾವ ಪೇಪರ್ ಬಿಡಿಸಿದರೂ ಇದು ಎಲ್ಲೋ ಒಂದು ಕಡೆ ಎದುರಾಗುತ್ತದೆ, ಪ್ರತಿ ಸಲವೂ ಹೊಸ ಪ್ರಶ್ನೆಯೊಂದನ್ನು ಹೊತ್ತು.

‘ಇಲ್ಲ’ ಎಂಬಲ್ಲಿಂದ ಆರಂಭ

ಹೈಸ್ಕೂಲಿನಲ್ಲಿ ವರ್ಗ ಸಮೀಕರಣ ಕಲಿತವರಿಗೆಲ್ಲ ಎಕ್ಸ್² + 1 = 0 ಗೊತ್ತು. ಶೋಧಕದ ಬೆಲೆ −4 ಬರುತ್ತದೆ. ಕೆಳಗೆ ‘ವಾಸ್ತವ ಮೂಲಗಳಿಲ್ಲ’ ಎಂದು ಬರೆದು ಗೆರೆ ಎಳೆಯುತ್ತೇವೆ, ಮುಂದಿನ ಲೆಕ್ಕಕ್ಕೆ ಹೋಗುತ್ತೇವೆ.

ಈ ‘ಇಲ್ಲ’ಕ್ಕೆ ನಮ್ಮ ನೆಲದಲ್ಲೇ ಹಳೆಯ ದಾಖಲೆಯಿದೆ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ ಎಂಬ ಸಂಸ್ಕೃತ ಗ್ರಂಥದಲ್ಲಿ ಇದನ್ನು ನೇರವಾಗಿ ಹೇಳಿದ್ದಾನೆ: ಋಣಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ. ಧನವನ್ನು ಧನದಿಂದ ಗುಣಿಸಿದರೂ ಧನ, ಋಣವನ್ನು ಋಣದಿಂದ ಗುಣಿಸಿದರೂ ಧನ. ಇನ್ನು ಋಣ ಎಲ್ಲಿಂದ ಬಂದೀತು? ಆತನ ಕೈಯಲ್ಲಿದ್ದ ಸಂಖ್ಯೆಗಳ ಮಟ್ಟಿಗೆ ಈ ಮಾತು ಇಂದಿಗೂ ಪೂರ್ತಿ ಸರಿ.

ಪದವಿ ಗಣಿತ ಆ ‘ಇಲ್ಲ’ವನ್ನು ಅಳಿಸುವುದಿಲ್ಲ; ಅದರ ಪಕ್ಕದಲ್ಲಿ ‘ಎಲ್ಲಿ?’ ಎಂದು ಬರೆಯುತ್ತದೆ. ಆ ಒಂದು ಪದ ಬರೆಯುವ ಶಕ್ತಿ ಬರಲು ಮೂರು ವರ್ಷ ಹಿಡಿಯುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಮೊದಲ ವರ್ಷ ‘ಹೇಗೆ ಮಾಡುವುದು’ ಎಂದು ಕಲಿಸುತ್ತದೆ. ಎರಡನೆಯ ವರ್ಷ ‘ಅದು ಏಕೆ ಸರಿ’ ಎಂದು ಕೇಳುತ್ತದೆ. ಕೊನೆಯ ವರ್ಷದ ಪ್ರಶ್ನೆ ‘ಅದು ಎಲ್ಲಿ ಸರಿ’ ಎಂಬುದು. ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಪೇಪರುಗಳ ಹೆಸರು, ಕ್ರಮ ಒಂದಿಷ್ಟು ಬದಲಾಗುತ್ತದೆ. ನಮ್ಮ ರಾಜ್ಯದಲ್ಲಿ 2021–22ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024–25ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿದೆವು. ಪಠ್ಯಕ್ರಮದ ಪುಟಗಳು ಅತ್ತಿತ್ತ ಆದರೂ ಯಾವುದು ಯಾವುದರ ಮೇಲೆ ನಿಂತಿದೆ ಎಂಬುದು ಕದಲಲಿಲ್ಲ.

ಮೊದಲ ವರ್ಷ: ಕೈಗೆ ಒಗ್ಗುವ ಗಣಿತ

ದ್ವಿತೀಯ ಪಿಯುಸಿಯಲ್ಲಿ 1/(1 + ಎಕ್ಸ್²) ಇದನ್ನು 0ಯಿಂದ 1ರವರೆಗೆ ಅನುಕಲಿಸು ಎಂಬ ಲೆಕ್ಕ ಬರುತ್ತದೆ. ಸೂತ್ರ ಗೊತ್ತಿದ್ದವರಿಗೆ ಅದು ಒಂದು ಸಾಲಿನ ಕೆಲಸ. ಟ್ಯಾನ್ ಇನ್ವರ್ಸ್ ಬರೆದು ಬೆಲೆ ಹಾಕಿದರೆ ಪೈ/4. ಎಕ್ಸ್² + 1ರಲ್ಲಿ ವೃತ್ತದ ಸುಳಿವೇ ಇರಲಿಲ್ಲ, ಆದರೂ ಉತ್ತರದಲ್ಲಿ ಪೈ ಬಂದು ಕೂತಿದೆ.

ಪದವಿಯ ಮೊದಲ ವರ್ಷ ಇದೇ ಲೆಕ್ಕಕ್ಕೆ ಇನ್ನೊಂದು ದಾರಿ ತೋರಿಸುತ್ತದೆ. ಹೈಸ್ಕೂಲಿನ ಗುಣೋತ್ತರ ಶ್ರೇಢಿಯನ್ನು ನೆನೆಸಿಕೊಂಡು 1ನ್ನು 1 + ಎಕ್ಸ್² ಇಂದ ಭಾಗಿಸುತ್ತಾ ಹೋದರೆ ಮುಗಿಯದ ಸಾಲೊಂದು ಸಿಗುತ್ತದೆ: 1 − ಎಕ್ಸ್² + ಎಕ್ಸ್⁴ − ಎಕ್ಸ್⁶ + … ಒಂದೊಂದೇ ಪದವನ್ನು ಅನುಕಲಿಸಿ, ಎಕ್ಸ್‌ಗೆ 1 ಹಾಕಿದರೆ

ಪೈ/4 = 1 − 1/3 + 1/5 − 1/7 + 1/9 − …

ಬೆಸ ಸಂಖ್ಯೆಗಳನ್ನು ಸಾಲಾಗಿ ನಿಲ್ಲಿಸಿದರೆ ವೃತ್ತ ಸಿಕ್ಕಿತು. ಇದು ಪಶ್ಚಿಮ ಘಟ್ಟದ ಆಚೆ ಮಗ್ಗುಲಲ್ಲೇ, ಕೇರಳದ ಸಂಗಮಗ್ರಾಮದ ಮಾಧವನ ಹೆಸರಿನಲ್ಲಿ ಬಂದ ಫಲಿತಾಂಶ. ಹದಿನಾರನೆಯ ಶತಮಾನದಲ್ಲಿ ಜ್ಯೇಷ್ಠದೇವ ಮಲಯಾಳದಲ್ಲಿ ಬರೆದ ‘ಯುಕ್ತಿಭಾಷಾ’ ಸೂತ್ರವನ್ನಷ್ಟೇ ಹೇಳಿ ನಿಲ್ಲದೆ, ಅದು ಹೇಗೆ ಬಂತೆಂಬ ಯುಕ್ತಿಯನ್ನೂ ಹಂತಹಂತವಾಗಿ ವಿವರಿಸುತ್ತದೆ. ಯುರೋಪಿನಲ್ಲಿ ಗ್ರೆಗರಿ ಮತ್ತು ಲೈಬ್ನಿಟ್ಸ್ ಇದನ್ನು ಕಂಡದ್ದು 1670ರ ದಶಕದಲ್ಲಿ.

ಕ್ಯಾಲ್ಕುಲೇಟರ್ ಹಿಡಿದು ಕೂಡಿಸಿ ನೋಡಿ. ಮೊತ್ತ 1ರಿಂದ 0.667ಕ್ಕೆ ಇಳಿಯುತ್ತದೆ, 0.867ಕ್ಕೆ ಏರುತ್ತದೆ, 0.724ಕ್ಕೆ ಬೀಳುತ್ತದೆ, 0.835ಕ್ಕೆ ಏಳುತ್ತದೆ. ಮುಟ್ಟಬೇಕಾದ ಪೈ/4ರ ಬೆಲೆ 0.785ರ ಆಸುಪಾಸು. ತೂಗುಯ್ಯಾಲೆ ನಿಲ್ಲುವ ಮುನ್ನ ತೂಗಿದಂತೆ ಮೊತ್ತ ಆ ಕಡೆ ಈ ಕಡೆ ಸರಿಯುತ್ತಾ ಹತ್ತಿರವಾಗುತ್ತದೆ, ಆದರೆ ಬಹಳ ನಿಧಾನ. ಸಾವಿರ ಪದ ಕೂಡಿಸಿದರೂ ಪೈಯ ಮೂರನೆಯ ದಶಮಾಂಶ ಸ್ಥಾನ ಸರಿಯಾಗುವುದಿಲ್ಲ. ಕೇರಳದ ಗಣಿತಜ್ಞರಿಗೆ ಇದು ಗೊತ್ತಿತ್ತು. ಅಲ್ಲಲ್ಲಿಗೇ ನಿಲ್ಲಿಸಿ ಸೇರಿಸಬೇಕಾದ ತಿದ್ದುಪಡಿ ಪದಗಳನ್ನೂ ಅವರು ಕೊಟ್ಟಿದ್ದರು.

ಇಲ್ಲಿಗೆ ಮೊದಲ ವರ್ಷ ಸುಖವಾಗಿ ಮುಗಿಯಬೇಕು. ಆದರೆ ಅದೇ ಸಾಲಿಗೆ ಎಕ್ಸ್ = 2 ಹಾಕಿ ನೋಡಿ ಎಂದು ನಾನು ಹೇಳುತ್ತೇನೆ. ಎಡಗಡೆ 1/5, ಅಂದರೆ 0.2. ಬಲಗಡೆ 1 − 4 + 16 − 64 + … ಮೊತ್ತ 1, −3, 13, −51 ಎಂದು ದಿಕ್ಕೆಟ್ಟು ಓಡುತ್ತದೆ. ಎಕ್ಸ್ = 1 ಹಾಕಿದರೆ ಇನ್ನೂ ವಿಚಿತ್ರ: ಅನುಕಲಿಸುವ ಮುಂಚಿನ ಸಾಲು 1 − 1 + 1 − 1 ಎಂದು ಎಲ್ಲೂ ನಿಲ್ಲದು, ಅನುಕಲಿಸಿದ ಮೇಲಿನ ಸಾಲು ಸರಿಯಾದ ಉತ್ತರವನ್ನೇ ಕೊಡುತ್ತದೆ. ಸೂತ್ರ ಒಂದು ಕಡೆ ನಡೆದು ಇನ್ನೊಂದು ಕಡೆ ಕೈಕೊಟ್ಟಿತು. ಎಲ್ಲಿ ನಡೆಯುತ್ತದೆ, ಎಲ್ಲಿ ಇಲ್ಲ ಎಂದು ಮೊದಲೇ ಹೇಗೆ ತಿಳಿಯುವುದು? ಮೊದಲ ವರ್ಷದ ನೋಟ್‌ಬುಕ್‌ನಲ್ಲಿ ಇದಕ್ಕೆ ಉತ್ತರವಿಲ್ಲ. ಎರಡನೆಯ ವರ್ಷ ಇರುವುದೇ ಇದಕ್ಕಾಗಿ.

ಎಪ್ಸಿಲಾನ್ ಎಂಬ ಹೊಸ್ತಿಲು

‘ಹತ್ತಿರವಾಗುತ್ತದೆ’ ಎಂಬ ಮಾತನ್ನು ರಿಯಲ್ ಅನಾಲಿಸಿಸ್ ಹಾಗೆಯೇ ಒಪ್ಪುವುದಿಲ್ಲ. ಎಷ್ಟು ಹತ್ತಿರ, ಎಷ್ಟು ಪದಗಳ ಆಮೇಲೆ ಎಂದು ಕೇಳುತ್ತದೆ. ನಾನಿದನ್ನು ಸಂತೆಯ ಚೌಕಾಸಿಯ ಹಾಗೆ ಆಡಿಸುತ್ತೇನೆ. ಒಬ್ಬ ವಿದ್ಯಾರ್ಥಿ ಅಂತರ ಕೇಳಬೇಕು, ಇನ್ನೊಬ್ಬಳು ಪದಗಳ ಲೆಕ್ಕ ಕೊಡಬೇಕು. ‘0.01ಕ್ಕಿಂತ ಕಡಿಮೆ ವ್ಯತ್ಯಾಸ ಬೇಕು.’ ಮೇಲಿನ ಪೈ ಸಾಲಿನಲ್ಲಿ ತಪ್ಪು ಯಾವಾಗಲೂ ಬಿಟ್ಟ ಮೊದಲ ಪದಕ್ಕಿಂತ ಚಿಕ್ಕದು. ಐವತ್ತು ಪದ ತೆಗೆದುಕೊಂಡರೆ ಮುಂದಿನದು 1/101. ‘ಐವತ್ತು ಸಾಕು.’ ‘0.001 ಬೇಕು.’ ‘ಐನೂರು.’ ಅವನು ಎಷ್ಟೇ ಚಿಕ್ಕದನ್ನು ಕೇಳಲಿ, ಇವಳ ಬಳಿ ಉತ್ತರವಿದೆ. ಅವನು ಕೇಳುವ ಅಂತರವೇ ಎಪ್ಸಿಲಾನ್, ಇವಳು ಕೊಡುವ ಸಂಖ್ಯೆಯೇ ಎನ್. ಅವಳು ಎಂದೂ ಸೋಲದಿದ್ದರೆ ಸಾಲು ಒಂದು ಮಿತಿಗೆ ಒಮ್ಮುಖವಾಗುತ್ತದೆ. ಪುಸ್ತಕದಲ್ಲಿ ಎದೆ ನಡುಗಿಸುವ ಆ ವ್ಯಾಖ್ಯೆ ಹೇಳುವುದು ಇಷ್ಟನ್ನೇ.

ಇಲ್ಲಿ ಪದಗಳ ಕ್ರಮವೇ ಜೀವ. ‘ಪ್ರತಿ ಬೀಗಕ್ಕೂ ಒಂದು ಕೀಲಿಕೈ ಇದೆ’ ಎನ್ನುವುದು ಬೇರೆ, ‘ಒಂದು ಕೀಲಿಕೈ ಇದೆ, ಅದು ಎಲ್ಲ ಬೀಗಕ್ಕೂ ಆಗುತ್ತದೆ’ ಎನ್ನುವುದು ಬೇರೆ. ಶ್ರೇಢಿಯಲ್ಲಿ ಎಕ್ಸ್ ಇದ್ದಾಗ ಒಂದೊಂದು ಎಕ್ಸ್‌ಗೆ ಒಂದೊಂದು ಎನ್ ಸಿಕ್ಕಿದರೆ ಸಾಮಾನ್ಯ ಒಮ್ಮುಖತೆ. ಎಲ್ಲ ಎಕ್ಸ್‌ಗೂ ಒಂದೇ ಎನ್ ಸಾಕಾದರೆ ಅದು ಯೂನಿಫಾರ್ಮ್ ಕನ್ವರ್ಜೆನ್ಸ್. ಎಲ್ಲ ಬೀಗಕ್ಕೂ ಆಗುವ ಆ ಕೀಲಿಕೈ ಕೈಲಿದ್ದರೆ ಮಾತ್ರ ನಿರಂತರತೆಯಾಗಲಿ, ಪದಪದವಾಗಿ ಅನುಕಲಿಸುವುದಾಗಲಿ ಭಯವಿಲ್ಲದೆ ನಡೆಯುತ್ತದೆ.

ಈ ವ್ಯತ್ಯಾಸದಲ್ಲಿ ಎಡವಿದವರ ಸಾಲಿನಲ್ಲಿ ಕೋಶಿಯೂ ಇದ್ದಾರೆ. ನಿರಂತರ ಫಲನಗಳ ಒಮ್ಮುಖ ಶ್ರೇಢಿಯ ಮೊತ್ತವೂ ನಿರಂತರವೇ ಎಂದು ಅವರು 1821ರ ತಮ್ಮ ಪಠ್ಯಪುಸ್ತಕದಲ್ಲಿ ಬರೆದರು. ಆ ಪ್ರಮೇಯಕ್ಕೆ ಅಪವಾದಗಳಿವೆ ಎಂದು 1826ರಲ್ಲಿ ಆಬೆಲ್ ಎಂಬ ಇಪ್ಪತ್ತನಾಲ್ಕು ವರ್ಷದ ನಾರ್ವೆಯ ತರುಣ ತೋರಿಸಿದ. ತಪ್ಪು ಎಲ್ಲಿತ್ತೆಂದು ಪೂರ್ತಿ ತಿಳಿಯಾಗಲು ಇನ್ನೂ ದಶಕಗಳು ಬೇಕಾದವು. ನ್ಯೂಟನ್ ಮತ್ತು ಲೈಬ್ನಿಟ್ಸ್ ಕಲನಶಾಸ್ತ್ರವನ್ನು ಕಟ್ಟಿದ್ದು ಹದಿನೇಳನೆಯ ಶತಮಾನದಲ್ಲಿ. ಬರ್ಲಿನ್‌ನಲ್ಲಿ ವೈಯರ್‌ಸ್ಟ್ರಾಸ್‌ರ ಪಾಠಗಳ ಮೂಲಕ ಎಪ್ಸಿಲಾನ್–ಡೆಲ್ಟಾದ ಭಾಷೆ ನೆಲೆಯೂರಿದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಹೆಚ್ಚುಕಡಿಮೆ ಇನ್ನೂರು ವರ್ಷದ ಆ ದಾರಿಯನ್ನು ನಮ್ಮ ಮಕ್ಕಳು ಒಂದು ಬೇಸಿಗೆ ರಜೆಯಲ್ಲಿ ದಾಟಬೇಕೆಂದು ನಾವು ನಿರೀಕ್ಷಿಸುತ್ತೇವೆ. ಕ್ಯಾಲ್ಕುಲಸ್‌ನಲ್ಲಿ ತೊಂಬತ್ತು ಅಂಕ ತೆಗೆದ ಹುಡುಗಿ ಅನಾಲಿಸಿಸ್‌ನಲ್ಲಿ ತಬ್ಬಿಬ್ಬಾದರೆ ಅವಳ ಬುದ್ಧಿ ಮಂದವಾಗಿಲ್ಲ. ನಿನ್ನೆಯವರೆಗೆ ಉತ್ತರ ಕೇಳುತ್ತಿದ್ದ ವಿಷಯ ಇಂದು ಕಾರಣ ಕೇಳುತ್ತಿದೆ, ಅಷ್ಟೆ. ಅದನ್ನು ಅವಳಿಗೆ ಮೊದಲ ದಿನವೇ ಹೇಳುವುದು ಮೇಷ್ಟರಾದವರ ಕರ್ತವ್ಯ.

ಒಬ್ಬ ಮೇಷ್ಟರೇ ಈ ಕರ್ತವ್ಯಕ್ಕೆ ಕಟ್ಟುಬಿದ್ದು ಗಣಿತದ ಬುನಾದಿಯನ್ನು ಹೊಸದಾಗಿ ಹಾಕಿದ ಕಥೆಯೂ ಇದೆ. 1858ರಲ್ಲಿ ಜ್ಯೂರಿಕ್‌ನಲ್ಲಿ ಡೆಡೆಕಿಂಡ್ ಎಂಬ 27ರ ಯುವಕ ಮೊದಲ ಸಲ ಕಲನಶಾಸ್ತ್ರ ಪಾಠ ಮಾಡುತ್ತಿದ್ದರು. ಏರುತ್ತಲೇ ಹೋಗುವ, ಆದರೆ ಒಂದು ಗಡಿ ಮೀರದ ಸಂಖ್ಯೆಗಳ ಸಾಲು ಯಾವುದೋ ಒಂದು ಮಿತಿಯನ್ನು ತಲುಪಲೇಬೇಕು ಎಂದು ತರಗತಿಯಲ್ಲಿ ಹೇಳಬೇಕಿತ್ತು. ರೇಖೆ ಎಳೆದು ತೋರಿಸಬಹುದು, ಸಾಧಿಸುವುದು ಹೇಗೆ? ರೇಖೆಯಲ್ಲಿ ಬಿರುಕಿಲ್ಲ ಎಂಬುದನ್ನು ಸಂಖ್ಯೆಗಳ ಭಾಷೆಯಲ್ಲಿ ಅಲ್ಲಿಯತನಕ ಅವರಿಗೆ ಒಪ್ಪಿಗೆಯಾಗುವಂತೆ ಯಾರೂ ಹೇಳಿರಲಿಲ್ಲ. ಆ ವರ್ಷದ ನವೆಂಬರ್ 24ರಂದು ಅವರಿಗೆ ದಾರಿ ಹೊಳೆಯಿತು, ಅಚ್ಚಾದದ್ದು 1872ರಲ್ಲಿ. ಇಂದು ‘ಡೆಡೆಕಿಂಡ್ ಕಟ್’ ಎಂದು ನಾವು ಓದುವುದು ಅದನ್ನೇ. ಎರಡನೆಯ ವರ್ಷದಲ್ಲಿ ಬಳಸುವ ಒಮ್ಮುಖತೆಯ ಪರೀಕ್ಷೆಗಳೆಲ್ಲ ಆ ಬುನಾದಿಯ ಮೇಲೆಯೇ ನಿಂತಿವೆ.

ಈಗ ನಮ್ಮ ಸಾಲಿಗೆ ಬರೋಣ. ಎಕ್ಸ್‌ನ ಬೆಲೆ −1 ಮತ್ತು 1ರ ನಡುವೆ ಇದ್ದರೆ ಮಾತ್ರ 1 − ಎಕ್ಸ್² + ಎಕ್ಸ್⁴ − … ಒಮ್ಮುಖವಾಗುತ್ತದೆ ಎಂದು ಸಾಧಿಸಬಹುದು. ಹಾಗಾಗಿ 2ರಲ್ಲಿ ಅದು ಕೆಟ್ಟದ್ದು ಆಶ್ಚರ್ಯವಲ್ಲ. ಅಂಚಿನಲ್ಲಿರುವ 1ರಲ್ಲಿ ಅನುಕಲಿತ ಸಾಲು ಏಕೆ ಸರಿಯುತ್ತರ ಕೊಟ್ಟಿತು ಎಂಬುದಕ್ಕೆ ಅದೇ ಆಬೆಲ್‌ನ ಇನ್ನೊಂದು ಪ್ರಮೇಯವಿದೆ. ಎರಡು ಪ್ರಶ್ನೆಗೂ ಉತ್ತರ ಸಿಕ್ಕಿತು. ಸಿಕ್ಕ ಕೂಡಲೇ ಹೊಸದೊಂದು ಹುಟ್ಟಿತು: ಗಡಿ 1 ಏಕೆ? 1/(1 + ಎಕ್ಸ್²) ಸಂಖ್ಯಾರೇಖೆಯ ಮೇಲೆ ಎಲ್ಲೂ ಮುರಿಯುವುದಿಲ್ಲ, ಎಲ್ಲೂ ಅನಂತಕ್ಕೆ ಹಾರುವುದಿಲ್ಲ. ಬೆಟ್ಟದ ಇಳಿಜಾರಿನಷ್ಟು ನಯ. ಹಾಗಿದ್ದರೆ 1ರಲ್ಲಿ ಅದನ್ನು ತಡೆದದ್ದು ಏನು? ಈ ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ.

ಶೇಷಗಳ ಲೋಕದಲ್ಲಿ

ಅದೇ ವರ್ಷ ಇನ್ನೊಂದು ಕೊಠಡಿಯಲ್ಲಿ ಗ್ರೂಪ್ ಥಿಯರಿ ನಡೆಯುತ್ತಿರುತ್ತದೆ. ಕಲನಶಾಸ್ತ್ರಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ ಎಂದೇ ಮಕ್ಕಳು ತಿಳಿದಿರುತ್ತಾರೆ. ಅಲ್ಲಿಗೂ ನಮ್ಮ ಉಕ್ತಿಯನ್ನು ಕರೆದೊಯ್ಯೋಣ.

ಗಡಿಯಾರದಲ್ಲಿ 12 ದಾಟಿದ ಮೇಲೆ ಮತ್ತೆ 1 ಬರುವಂತೆ, 5ರಿಂದ ಭಾಗಿಸಿದ ಶೇಷಗಳನ್ನು ಮಾತ್ರ ಇಟ್ಟುಕೊಳ್ಳಿ: 0, 1, 2, 3, 4. ಈ ಲೋಕದಲ್ಲಿ 5 ಎಂದರೆ 0. ಈಗ 2² + 1 = 5, ಅಂದರೆ 0! ಮಹಾವೀರನ ಸಂಖ್ಯೆಗಳಲ್ಲಿ ಸಿಗದ ಮೂಲ ಇಲ್ಲಿ ಅಂಗೈಯಲ್ಲೇ ಇದೆ. 13ರ ಶೇಷಗಳಲ್ಲೂ ಇದೆ: 5² + 1 = 26, 13ರ ಎರಡರಷ್ಟು. 7ರಲ್ಲಿ ಹುಡುಕಿ ನೋಡಿ. 0ಯಿಂದ 6ರವರೆಗಿನ ವರ್ಗಗಳ ಶೇಷ 0, 1, 4, 2, 2, 4, 1. ಬೇಕಾದ 6 ಅದರಲ್ಲಿಲ್ಲ. 5ಕ್ಕೆ ಇದೆ, 13ಕ್ಕೆ ಇದೆ, 7ಕ್ಕೆ ಏಕಿಲ್ಲ?

ಗ್ರೂಪ್ ಥಿಯರಿಯ ಮೊದಲ ದೊಡ್ಡ ಪ್ರಮೇಯ ಲಗ್ರಾಂಜ್‌ನದು. ಒಂದು ಗ್ರೂಪಿನ ಯಾವುದೇ ಸದಸ್ಯನನ್ನು ಅದರಿಂದಲೇ ಎಷ್ಟು ಸಲ ಗುಣಿಸಿದರೆ ಮೊದಲ ಬಾರಿಗೆ 1ಕ್ಕೆ ಮರಳುತ್ತದೋ, ಆ ಎಣಿಕೆ ಒಟ್ಟು ಸದಸ್ಯರ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸಬೇಕು. −1ರ ವರ್ಗಮೂಲವನ್ನು ಎರಡನೆಯ ಘಾತಕ್ಕೇರಿಸಿದರೆ −1, ನಾಲ್ಕನೆಯ ಘಾತಕ್ಕೇರಿಸಿದರೆ 1. ಅಂದರೆ ಅದರ ಎಣಿಕೆ 4. ಏಳರ ಶೇಷಗಳಲ್ಲಿ ಸೊನ್ನೆ ಬಿಟ್ಟರೆ ಉಳಿಯುವವರು ಆರು ಜನ. ನಾಲ್ಕು ಆರನ್ನು ಭಾಗಿಸದು. ಆದ್ದರಿಂದ ಅಂಥ ಸದಸ್ಯ ಅಲ್ಲಿರಲು ಸಾಧ್ಯವೇ ಇಲ್ಲ. ಹುಡುಕುವ ಕೆಲಸವೇ ಬೇಡ! 5ರಲ್ಲಿ ನಾಲ್ಕು ಜನ, 13ರಲ್ಲಿ ಹನ್ನೆರಡು ಜನ, ಅಲ್ಲಿ ತೊಡಕಿಲ್ಲ. 2ನ್ನು ಬಿಟ್ಟರೆ, 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯ ಸಂಖ್ಯೆಗಳಿಗೆಲ್ಲ ಮೂಲವಿದೆ, 3 ಉಳಿಯುವವಕ್ಕೆ ಯಾವುದಕ್ಕೂ ಇಲ್ಲ. ಮೊದಲ ಭಾಗದ ಸಾಧನೆಗೆ ಇನ್ನೊಂದು ಹೆಜ್ಜೆ ಬೇಕು, ಅದು ಮುಂದಿನ ಅಧ್ಯಾಯಗಳಲ್ಲಿ ಬರುತ್ತದೆ. 1 ಉಳಿಯುವ ಈ ಅವಿಭಾಜ್ಯಗಳನ್ನೇ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು: 5 = 1 + 4, 13 = 4 + 9, 17 = 1 + 16. ಫರ್ಮಾ ಇದನ್ನು 1640ರಲ್ಲಿ ಹೇಳಿದ್ದರು, ಸಾಧಿಸಿದವರು ಮುಂದಿನ ಶತಮಾನದ ಆಯ್ಲರ್.

ನನ್ನ ಪದವಿಯ ದಿನಗಳಲ್ಲಿ ಲಗ್ರಾಂಜ್ ಪ್ರಮೇಯ ಹತ್ತು ಅಂಕದ ಪ್ರಶ್ನೆಯಾಗಿತ್ತು. ಬಾಯಿಪಾಠ ಮಾಡಿ ಬರೆದೆ, ಹತ್ತೂ ಅಂಕ ಬಂತು. ಅದು ಒಂದು ಹುಡುಕಾಟವನ್ನೇ ನಿಲ್ಲಿಸಬಲ್ಲದು ಎಂದು ನನಗೆ ತಿಳಿದದ್ದು ಎಂಎಸ್‌ಸಿಗೆ ಹೋದ ಮೇಲೆ. ಆ ನಡುವಿನ ಎರಡು ವರ್ಷ ನನ್ನ ವಿದ್ಯಾರ್ಥಿಗಳ ಪಾಲಿಗೆ ವ್ಯರ್ಥವಾಗಬಾರದು ಎಂಬುದೇ ಈ ಲೇಖನದ ಹಿಂದಿನ ಕಳಕಳಿ.

ಗ್ರೂಪ್ ಆದ ಮೇಲೆ ರಿಂಗ್. ಸಂಖ್ಯೆಗಳ ಶೇಷದ ಆಟವನ್ನೇ ಈಗ ಬಹುಪದೋಕ್ತಿಗಳ ಮೇಲೆ ಆಡುತ್ತೇವೆ. ಯಾವುದೇ ಬಹುಪದೋಕ್ತಿಯನ್ನು ಎಕ್ಸ್² + 1ರಿಂದ ಭಾಗಿಸಿದರೆ ‘ಎ + ಬಿ ಎಕ್ಸ್’ ರೂಪದ ಶೇಷ ಉಳಿಯುತ್ತದೆ. ಆ ಶೇಷಗಳ ಲೋಕದಲ್ಲಿ ಎಕ್ಸ್² + 1 ಎಂದರೆ 0, ಅಂದರೆ ಎಕ್ಸ್² ಎಂದರೆ −1. ಎಕ್ಸ್ ಬದಲು ‘ಐ’ ಎಂದು ಬರೆದರೆ ಪಿಯುಸಿಯ ಸಂಕೀರ್ಣ ಸಂಖ್ಯೆಗಳು ಇವೇ. 1847ರಲ್ಲಿ ಕೋಶಿ ಐಯನ್ನು ಹೀಗೆಯೇ ಅರ್ಥೈಸಿದರು. ‘ಕಾಲ್ಪನಿಕ’ ಎಂದು ಹೆಸರು ಪಡೆದ ಸಂಖ್ಯೆ ಹೈಸ್ಕೂಲಿನ ಭಾಗಾಕಾರದೊಳಗೇ ಕುಳಿತಿತ್ತು.

ಎಡಕ್ಕೆ ತಿರುಗಿ, ಉಯ್ಯಾಲೆ ತೂಗಿ

ಲೀನಿಯರ್ ಆಲ್ಜೀಬ್ರಾದಲ್ಲಿ ಐ ಮೈದಾನಕ್ಕೇ ಇಳಿಯುತ್ತದೆ. ಎನ್‌ಸಿಸಿ ಕವಾಯತು ಮಾಡಿದವರಿಗೆ ‘ಪೀಛೇ ಮುಡ್’ ಗೊತ್ತು: ಪೂರ್ತಿ ಹಿಂದಕ್ಕೆ ತಿರುಗುವುದು. ಒಂದು ಬಿಂದುವನ್ನು −1ರಿಂದ ಗುಣಿಸಿದರೆ ಆಗುವುದೂ ಅದೇ, ಅದು ಎದುರು ದಿಕ್ಕಿಗೆ ಹೋಗುತ್ತದೆ. ಹಾಗಾದರೆ −1ರ ವರ್ಗಮೂಲ ಎಂದರೆ, ಎರಡು ಸಲ ಮಾಡಿದರೆ ‘ಪೀಛೇ ಮುಡ್’ ಆಗುವ ಒಂದು ಆಜ್ಞೆ. ತರಗತಿಯಲ್ಲಿ ಇದನ್ನು ಕೇಳಿದಾಗ ಉತ್ತರ ಬರುವುದು ಹೆಚ್ಚಾಗಿ ಹಿಂದಿನ ಬೆಂಚಿನಿಂದ: ‘ಬಾಯೇ ಮುಡ್, ಮೇಡಂ.’ ಎಡಕ್ಕೆ ತಿರುಗು, ಮತ್ತೆ ಎಡಕ್ಕೆ ತಿರುಗು. ಬೆನ್ನು ಇದ್ದ ಕಡೆ ಮುಖ ಬಂತು.

ಆ ತಿರುವನ್ನು ಎರಡು ಸಾಲಿನ ಮ್ಯಾಟ್ರಿಕ್ಸ್ ಆಗಿ ಬರೆಯಬಹುದು: ಮೇಲೆ 0, −1, ಕೆಳಗೆ 1, 0. ಅದರ ಕ್ಯಾರೆಕ್ಟರಿಸ್ಟಿಕ್ ಸಮೀಕರಣ ತೆಗೆದರೆ ಸಿಗುವುದು ಲ್ಯಾಂಬ್ಡಾ² + 1 = 0, ನಮ್ಮ ಉಕ್ತಿಯೇ. ಅದಕ್ಕೆ ವಾಸ್ತವ ಐಗನ್ ಬೆಲೆ ಇಲ್ಲವೆಂದರೆ ಅರ್ಥ ಇಷ್ಟೆ: ಎಡಕ್ಕೆ ತಿರುಗಿದ ಮೇಲೆ ಯಾರೂ ಮೊದಲಿನ ಗೆರೆಯ ಮೇಲೆ ಮುಖ ಮಾಡಿ ನಿಂತಿರುವುದಿಲ್ಲ. ಮಹಾವೀರನ ‘ಇಲ್ಲ’ ಈಗ ಕಣ್ಣಿಗೇ ಕಾಣುತ್ತದೆ.

ಡಿಫರೆನ್ಷಿಯಲ್ ಈಕ್ವೇಶನ್ ಪೇಪರಿನಲ್ಲಿ ಇದೇ ತಿರುವು ಉಯ್ಯಾಲೆಯಾಗುತ್ತದೆ. ನಡುವಿನಿಂದ ಸರಿದಷ್ಟೂ ಹಿಂದಕ್ಕೆಳೆಯುವ ಬಲವಿದ್ದರೆ ಚಲನೆಯ ಸಮೀಕರಣ ಸರಳ ರೂಪದಲ್ಲಿ ‘ವೈಯ ಎರಡನೆಯ ಅವಕಲನ + ವೈ = 0’. ಬಿಡಿಸುವಾಗ ಎಂ² + 1 = 0 ಎಂದು ಬರೆದು ಸೈನ್, ಕೊಸೈನ್ ಉತ್ತರ ತೆಗೆಯುವುದು ಎಲ್ಲರಿಗೂ ರೂಢಿ. ಏಕೆ ಹಾಗೆ? ಸೈನ್ ಅನ್ನು ಅವಕಲಿಸಿದರೆ ಕೊಸೈನ್, ಕೊಸೈನ್ ಅನ್ನು ಅವಕಲಿಸಿದರೆ ಋಣ ಸೈನ್. ಎರಡು ಸಲ ಅವಕಲಿಸಿದರೆ ‘ಪೀಛೇ ಮುಡ್’. ಸೈನ್ ಮತ್ತು ಕೊಸೈನ್‌ಗಳ ಲೋಕದಲ್ಲಿ ಅವಕಲನ ಎಂದರೆ ಎಡಕ್ಕೆ ತಿರುಗುವುದು. ಮ್ಯಾಟ್ರಿಕ್ಸ್ ಬರೆದು ನೋಡಿದರೆ ಮೇಲಿನದೇ ಬರುತ್ತದೆ. ಎರಡು ಉತ್ತರಗಳನ್ನು ಕೂಡಿದರೂ ಉತ್ತರವೇ ಆಗುವುದರಿಂದ ಎಲ್ಲ ಉತ್ತರಗಳೂ ಸೇರಿ ಎರಡು ಆಯಾಮದ ವೆಕ್ಟರ್ ಸ್ಪೇಸ್ ಆಗುತ್ತವೆ. ಉಯ್ಯಾಲೆಯನ್ನು ಎಲ್ಲಿಂದ ಬಿಟ್ಟಿರಿ, ಎಷ್ಟು ಜೋರಾಗಿ ತಳ್ಳಿದಿರಿ ಎಂಬ ಎರಡು ಸಂಗತಿ ಗೊತ್ತಾದರೆ ಮುಂದಿನದೆಲ್ಲ ಗೊತ್ತಾಗುವುದು ಆ ‘ಎರಡ’ರಿಂದಲೇ.

ಉತ್ತರ ರೇಖೆಯ ಹೊರಗಿತ್ತು

ಕೊನೆಯ ವರ್ಷದ ಕಾಂಪ್ಲೆಕ್ಸ್ ಅನಾಲಿಸಿಸ್ ಹಿಂದಿನ ಎಲ್ಲವನ್ನೂ ಒಟ್ಟಿಗೆ ಕೇಳುವ ಪೇಪರ್. ಕೋಶಿ–ರೀಮಾನ್ ಸಮೀಕರಣ ಬರೆಯಲು ಪಾರ್ಷಿಯಲ್ ಡೆರಿವೇಟಿವ್ ಬೇಕು. ಕೋಶಿಯ ಪ್ರಮೇಯವನ್ನು ತರಗತಿಯಲ್ಲಿ ಸಾಮಾನ್ಯವಾಗಿ ಸಾಧಿಸುವುದು ವೆಕ್ಟರ್ ಕ್ಯಾಲ್ಕುಲಸ್‌ನ ಗ್ರೀನ್ ಪ್ರಮೇಯದಿಂದ. ಪವರ್ ಸೀರೀಸ್ ಬಂದರೆ ಯೂನಿಫಾರ್ಮ್ ಕನ್ವರ್ಜೆನ್ಸ್ ಬೇಕೇ ಬೇಕು. ಹಳೆಯ ನೋಟ್‌ಬುಕ್ ಕೊಟ್ಟುಬಿಟ್ಟವರು ಕೈ ಹಿಸುಕಿಕೊಳ್ಳುವುದು ಇಲ್ಲಿ.

ಬೋರ್ಡಿನ ಮೂಲೆಯಲ್ಲಿಟ್ಟ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಸಂಖ್ಯಾರೇಖೆಯನ್ನು ನೆಲಕ್ಕೆಳೆದ ಗೆರೆ ಎಂದುಕೊಳ್ಳಿ. ಸಂಕೀರ್ಣ ಸಂಖ್ಯೆಗಳು ಎಂದರೆ ಅದರ ಎರಡೂ ಬದಿಯ ಇಡೀ ಮೈದಾನ. 1/(1 + ಎಕ್ಸ್²) ಗೆರೆಯ ಮೇಲೆ ಎಲ್ಲೂ ಮುರಿಯುವುದಿಲ್ಲ, ನಿಜ. ಆದರೆ ಗೆರೆಯಾಚೆ ಐ ಮತ್ತು −ಐ ಎಂಬ ಎರಡು ಜಾಗಗಳಲ್ಲಿ ಛೇದ ಸೊನ್ನೆಯಾಗಿ ಅದು ಅನಂತಕ್ಕೆ ಹಾರುತ್ತದೆ. ಸೊನ್ನೆಯಿಂದ ಅವುಗಳ ದೂರ ಸರಿಯಾಗಿ 1. ಪವರ್ ಸೀರೀಸ್ ಸೊನ್ನೆಯ ಸುತ್ತ ವೃತ್ತಾಕಾರವಾಗಿ ಹಬ್ಬುತ್ತದೆ, ಮೊದಲು ಸಿಕ್ಕ ಗುಂಡಿಯ ಅಂಚಿನಲ್ಲಿ ನಿಲ್ಲುತ್ತದೆ. ಗೆರೆಯ ಮೇಲಷ್ಟೇ ನಡೆಯುವವನಿಗೆ ಗುಂಡಿ ಕಾಣದು, ತಡೆ ಮಾತ್ರ ತಿಳಿಯುತ್ತದೆ.

ಅದೇ ಗುಂಡಿಗಳಿಂದ ಲಾಭವೂ ಇದೆ. ಈ ಫಲನಕ್ಕೆ ಐ ಎಂಬಲ್ಲಿನ ರೆಸಿಡ್ಯೂ 1/(2ಐ). ಅದನ್ನು 2 ಪೈ ಐಯಿಂದ ಗುಣಿಸಿದರೆ ಪೈ. ರೆಸಿಡ್ಯೂ ಪ್ರಮೇಯದ ಪ್ರಕಾರ ಋಣ ಅನಂತದಿಂದ ಧನ ಅನಂತದವರೆಗಿನ ಅನುಕಲ ಅದೇ. ಟ್ಯಾನ್ ಇನ್ವರ್ಸ್‌ನಿಂದ ಒಂದು ಸಾಲಿನಲ್ಲಿ ಬರುವುದೂ ಪೈಯೇ. ಪಿಯುಸಿಯಲ್ಲಿ ‘ಈ ಪೈ ಎಲ್ಲಿಂದ ಬಂತು’ ಎಂದು ಬೆರಗಾದವರು ಈಗ ಅದು ಐಯನ್ನು ಸುತ್ತುವ ದಾರಿಯಿಂದ ಬಂತು ಎಂದು ಬೆರಳಿಟ್ಟು ತೋರಿಸಬಲ್ಲರು.

ನ್ಯೂಮರಿಕಲ್ ಅನಾಲಿಸಿಸ್‌ನಲ್ಲೂ ಈ ಗುಂಡಿ ಬಿಡುವುದಿಲ್ಲ. ಆ ಪೇಪರಿನ ರುಂಗೆ–ಕುಟ್ಟಾ ವಿಧಾನ ಎಲ್ಲರಿಗೂ ಪರಿಚಿತ. ಅದೇ ಕಾರ್ಲ್ ರುಂಗೆ 1901ರಲ್ಲಿ ನಮ್ಮ 1/(1 + ಎಕ್ಸ್²) ಫಲನವನ್ನೇ ತೆಗೆದುಕೊಂಡು, −5ರಿಂದ 5ರವರೆಗೆ ಸಮ ಅಂತರದಲ್ಲಿ ಬಿಂದುಗಳನ್ನಿಟ್ಟು ಅವುಗಳ ಮೂಲಕ ಹಾಯುವ ಬಹುಪದೋಕ್ತಿಯನ್ನು ಪರೀಕ್ಷಿಸಿದರು. ಬಿಂದುಗಳು ಹೆಚ್ಚಾದಂತೆ ಹೊಂದಿಕೆ ಉತ್ತಮವಾಗಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದದ್ದು ತದ್ವಿರುದ್ಧ: ಎರಡೂ ತುದಿಗಳಲ್ಲಿ ಬಹುಪದೋಕ್ತಿ ಹುಚ್ಚೆದ್ದು ಕುಣಿಯಿತು. ಛೇದ ಸೊನ್ನೆಯಾಗುವ ಐ ಮತ್ತು −ಐ ಗೆರೆಗೆ ಅಷ್ಟು ಹತ್ತಿರದಲ್ಲೇ ಇದ್ದವು. ಕಂಪ್ಯೂಟರ್ ಮುಂದೆ ಕುಳಿತು ದತ್ತಾಂಶಕ್ಕೆ ವಕ್ರರೇಖೆ ಹೊಂದಿಸುವ ಇಂದಿನ ಪದವೀಧರರಿಗೂ ಈ ಎಚ್ಚರ ಬೇಕು.

ಯಾವುದಕ್ಕೆ ಮೊದಲು ಯಾವುದು

ಹೀಗೆ ಹೆಣೆದುಕೊಂಡ ವಿಷಯವನ್ನು ನಾವು ಸೆಮಿಸ್ಟರ್ ಎಂಬ ತುಂಡುಗಳಾಗಿ ಕತ್ತರಿಸಿ ಕೊಡುತ್ತಿದ್ದೇವೆ. ಪರೀಕ್ಷೆ ಹತ್ತಿರ ಬಂದಾಗ ‘ಇಂಪಾರ್ಟೆಂಟ್’ ಪ್ರಶ್ನೆಗಳ ಪಟ್ಟಿ ಕೈಬದಲಾಗುತ್ತದೆ, ಪ್ರಮೇಯಗಳು ಬಾಯಿಪಾಠವಾಗುತ್ತವೆ, ಮುಗಿದ ಮರುದಿನ ಮರೆತುಹೋಗುತ್ತವೆ. ಬೇರೆ ರೀತಿ ಕಲಿಯಬಹುದು ಎಂಬುದಕ್ಕೆ ನಮ್ಮ ದೇಶದಲ್ಲೇ ಮಾದರಿಯಿದೆ. 1993ರಲ್ಲಿ ಶುರುವಾದ ‘ಮ್ಯಾಥಮ್ಯಾಟಿಕ್ಸ್ ಟ್ರೈನಿಂಗ್ ಅಂಡ್ ಟ್ಯಾಲೆಂಟ್ ಸರ್ಚ್’ ಬೇಸಿಗೆ ಶಿಬಿರಗಳಲ್ಲಿ ಪಾಠ ಒಪ್ಪಿಸುವುದಕ್ಕಿಂತ ಪ್ರಶ್ನೆ ಕೇಳುತ್ತಾ, ಮಕ್ಕಳಿಂದಲೇ ಸಾಧನೆ ಹೊರಡಿಸುವುದಕ್ಕೆ ಒತ್ತು. ಎಲ್ಲರಿಗೂ ಅಲ್ಲಿ ಜಾಗ ಸಿಗದಿರಬಹುದು. ಆ ರೀತಿಯನ್ನು ನಮ್ಮ ತರಗತಿಗೆ ತರಲು ಯಾರ ಅಪ್ಪಣೆಯೂ ಬೇಕಿಲ್ಲ.

ವಿದ್ಯಾರ್ಥಿಗಳಿಗೆ ನಾನು ಹೇಳುವುದು ಕೆಲವೇ ಮಾತು. ರಿಯಲ್ ಅನಾಲಿಸಿಸ್ ಶುರುವಾಗುವ ಮುನ್ನ ‘ಪ್ರತಿ’ ಮತ್ತು ‘ಇದೆ’ ಎಂಬ ಪದಗಳಿರುವ ವಾಕ್ಯಗಳನ್ನು ತಿರುಗಿಸಿ ಬರೆದು ಅರ್ಥ ಹೇಗೆ ಬದಲಾಯಿತೆಂದು ನೋಡಿ. ಗ್ರೂಪ್ ಥಿಯರಿಗೆ ಹೋಗುವ ಮುನ್ನ 5, 7, 12ರ ಶೇಷಗಳ ಗುಣಾಕಾರ ಕೋಷ್ಟಕವನ್ನು ಕೈಯಾರೆ ತುಂಬಿ. ಲೀನಿಯರ್ ಆಲ್ಜೀಬ್ರಾದ ಜೊತೆಗೆ ಡಿಫರೆನ್ಷಿಯಲ್ ಈಕ್ವೇಶನ್‌ನ ನೋಟ್‌ಬುಕ್ ತೆರೆದಿಟ್ಟುಕೊಳ್ಳಿ. ಕಾಂಪ್ಲೆಕ್ಸ್ ಅನಾಲಿಸಿಸ್‌ಗೆ ಮೊದಲು ಶ್ರೇಢಿ ಮತ್ತು ಗ್ರೀನ್ ಪ್ರಮೇಯವನ್ನು ಮತ್ತೊಮ್ಮೆ ಓದಿ. ಹೊಸ ಪ್ರಮೇಯ ಬಂದಾಗಲೆಲ್ಲ ಪುಟದ ಅಂಚಿನಲ್ಲಿ ಒಂದು ಸಾಲು ಬರೆಯಿರಿ: ಇದು ಹಿಂದಿನ ಯಾವ ಪ್ರಶ್ನೆಗೆ ಉತ್ತರ? ಗೊತ್ತಾಗದಿದ್ದರೆ ಆ ಜಾಗ ಖಾಲಿ ಬಿಡಿ. ಖಾಲಿ ಬಿಟ್ಟ ಸಾಲನ್ನು ಮೇಷ್ಟರ ಮುಂದೆ ಹಿಡಿದು ಕೇಳುವ ಹಕ್ಕು ನಿಮ್ಮದು.

ಕೊನೆಯ ಸೆಮಿಸ್ಟರ್‌ನ ಕೊನೆಯ ತರಗತಿಯಲ್ಲಿ ನಾನು ಮತ್ತೆ ಎಕ್ಸ್² + 1 = 0 ಬರೆಯುತ್ತೇನೆ. ಹತ್ತನೇ ಕ್ಲಾಸಿನಲ್ಲಿ ಇದಕ್ಕೆ ಏನು ಉತ್ತರ ಬರೆದಿರಿ ಎಂದು ಕೇಳಿದರೆ ಎಲ್ಲರೂ ಒಟ್ಟಿಗೆ ಹೇಳುತ್ತಾರೆ: ‘ವಾಸ್ತವ ಮೂಲಗಳಿಲ್ಲ.’ ‘ಮೂಲಗಳಿಲ್ಲ’ ಎಂದಷ್ಟೇ ಏಕೆ ಬರೆಯಲಿಲ್ಲ? ಅಲ್ಲಿ ‘ವಾಸ್ತವ’ ಎಂಬ ಪದ ಯಾಕಿತ್ತು? ಬೋರ್ಡಿನಿಂದ ಕಾಪಿ ಮಾಡಿಕೊಂಡ ಆ ಪದವೇ ‘ಎಲ್ಲಿ’ ಎಂಬ ಪ್ರಶ್ನೆಗೆ ಉತ್ತರವಾಗಿತ್ತು. ಹದಿನೈದನೆಯ ವಯಸ್ಸಿನಲ್ಲಿ ಬರೆದ ಒಂದು ಪದವನ್ನು ಅರ್ಥ ತಿಳಿದು ಓದಲು ಶ್ರೇಢಿಗಳು, ಶೇಷಗಳು, ತಿರುವುಗಳು ಎಲ್ಲವೂ ಬೇಕಾದವು. ಹಾಗಾಗಿ, ಹೋದ ಸೆಮ್‌ದು ಈ ಸೆಮ್‌ಗೆ ಬೇಕು. ಹತ್ತನೇ ಕ್ಲಾಸಿನದೂ ಬೇಕು.